ಬಯಲುಸೀಮೆಯಲ್ಲೊಂದು ಕಡಲು: ಮೀನು ಮಾತ್ರ ಇರುವ ತೊಟ್ಟಿಗೆ ಉಪ್ಪು ಎಷ್ಟು?

ದಾವಣಗೆರೆಯ ನಮ್ಮ ಮನೆಯ ಹಜಾರದಲ್ಲಿ 200 ಲೀಟರಿನ ಉಪ್ಪುನೀರಿನ ತೊಟ್ಟಿಯಿದೆ. ಹವಳವಿಲ್ಲ, ಸೀಗಡಿಯಿಲ್ಲ, ಮೀನು ಮಾತ್ರ. ನೋಡಲು ಬಂದವರಲ್ಲಿ ಅರ್ಧದಷ್ಟು ಜನ ಮೊದಲು ಬೆರಳು ಅದ್ದಿ ನೆಕ್ಕುತ್ತಾರೆ, ಆಮೇಲೆ ಪ್ರಶ್ನೆ ಕೇಳುತ್ತಾರೆ. ಮದುವೆ ಮನೆಯ ಪಂಕ್ತಿಯಲ್ಲಿ, ಮೀನಿನ ಅಂಗಡಿಯ ಮುಂದೆ, ಫೋನಿನಲ್ಲಿ, ಚಿತ್ರದುರ್ಗದ ಕಡೆಯಿಂದ ಬಂದ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ.

## ಮೊದಲ ಮೆಟ್ಟಿಲು

ಪುರಾಣ ಬೇಡ, ಒಂದೇ ಸಂಖ್ಯೆ ಹೇಳಿ. ಎಷ್ಟು ಇಡಲಿ?

1.023. ಉಪ್ಪಿನ ಲೆಕ್ಕದಲ್ಲಿ ಸುಮಾರು 31 ಪಿಪಿಟಿ.

ಮೀನು ಮಾತ್ರ ಇರುವ ತೊಟ್ಟಿಯಲ್ಲಿ 1.020ರಿಂದ 1.026ರವರೆಗೆ ಎಲ್ಲಿಟ್ಟರೂ ಮೀನು ಬದುಕುತ್ತದೆ. ಇಂದು 1.021, ವಾರ ಬಿಟ್ಟು 1.027, ಮತ್ತೆ 1.022 ಎಂದು ಕುಣಿಸಿದರೆ ಮಾತ್ರ ಸೊರಗುತ್ತದೆ. ನಾನು 1.023 ಎನ್ನುವುದಕ್ಕೆ ಕಾರಣ ಸರಳ: ಎಡಕ್ಕೂ ಬಲಕ್ಕೂ ಸಮಾನ ಜಾಗ ಉಳಿಯುತ್ತದೆ. ನಮ್ಮ ಕೈ ತಪ್ಪಿದರೂ, ಅಳೆಯುವ ಸಾಧನ ತಪ್ಪಿದರೂ ಅಪಾಯದ ಗೆರೆ ದೂರದಲ್ಲಿರುತ್ತದೆ.

1.023 ಎನ್ನುತ್ತೀರಿ, 31 ಎನ್ನುತ್ತೀರಿ. ಎರಡೂ ಒಂದೆಯೇ?

ಒಂದೇ ನೀರನ್ನು ಎರಡು ಕಡೆಯಿಂದ ನೋಡಿದ ಲೆಕ್ಕ. 31 ಪಿಪಿಟಿ ಎಂದರೆ ಒಂದು ಕಿಲೋ ನೀರಿನಲ್ಲಿ 31 ಗ್ರಾಂ ಲವಣ. 1.023 ಎಂದರೆ ಸಿಹಿನೀರಿನ ತೂಕವನ್ನು 1 ಎಂದುಕೊಂಡರೆ ಅಷ್ಟೇ ಪ್ರಮಾಣದ ಈ ನೀರು 1.023ರಷ್ಟು ತೂಗುತ್ತದೆ ಎಂದರ್ಥ. ಇದು ಸಾಪೇಕ್ಷ ಸಾಂದ್ರತೆ. ಹಾಲಿನ ಡೇರಿಯಲ್ಲಿ ಲ್ಯಾಕ್ಟೋಮೀಟರ್ ತೇಲಿಸಿ ‘ಇಪ್ಪತ್ತೆಂಟು ಬಂತು’ ಎನ್ನುತ್ತಾರಲ್ಲ, ಅದರ ಪೂರ್ಣ ರೂಪ 1.028. ಅಲ್ಲಿಯೂ ಇದೇ ವಿದ್ಯೆ.

25 ಡಿಗ್ರಿ ಉಷ್ಣತೆಯಲ್ಲಿ 1.020 ಎಂದರೆ ಸುಮಾರು 27 ಪಿಪಿಟಿ, 1.022ಕ್ಕೆ 29, 1.024ಕ್ಕೆ 32, 1.025ಕ್ಕೆ 33, 1.0264ಕ್ಕೆ 35. ಈ ಸಾಲನ್ನು ಒಂದು ಚೀಟಿಯಲ್ಲಿ ಬರೆದು ತೊಟ್ಟಿಯ ಕೆಳಗಿನ ಕಪಾಟಿನ ಬಾಗಿಲಿಗೆ ಅಂಟಿಸಿ. ನಮ್ಮ ಮನೆಯ ಚೀಟಿ ಈಗ ಉಪ್ಪಿನ ಕಲೆ ಹಿಡಿದು ಹಳದಿಯಾಗಿದೆ, ಆದರೂ ದಿನಕ್ಕೊಮ್ಮೆ ಅತ್ತ ಕಣ್ಣು ಹೋಗುತ್ತದೆ.

ಸಮುದ್ರದಲ್ಲಿಯೇ 35 ಇರುವಾಗ ನೀವು ಕಡಿಮೆ ಇಡಲು ಹೇಳುವುದು ಏಕೆ? ಮೀನಿಗೆ ಮೋಸವಲ್ಲವೇ?

ಸಮುದ್ರದ ಉಪ್ಪು ಎಲ್ಲೆಡೆ ಒಂದೇ ಅಲ್ಲ. ಕೆಂಪು ಸಮುದ್ರದ ಉತ್ತರದಲ್ಲಿ 40ರ ಹತ್ತಿರ ಇರುತ್ತದೆ. ನಮ್ಮ ಅರಬ್ಬಿ ಸಮುದ್ರ 35ರಿಂದ 36ರ ಆಸುಪಾಸು. ಗಂಗಾ, ಬ್ರಹ್ಮಪುತ್ರ ಬಂದು ಬೀಳುವ ಬಂಗಾಳ ಕೊಲ್ಲಿಯ ಉತ್ತರ ಭಾಗ ಇದಕ್ಕಿಂತ ಎಷ್ಟೋ ಸಪ್ಪೆ. ಎಲ್ಲ ಕಡೆಯೂ ಮೀನುಗಳಿವೆ.

ಇನ್ನು ಮೀನಿನ ಒಳಗಿನ ಮಾತು. ಮುಳ್ಳಿರುವ ಕಡಲ ಮೀನಿನ ರಕ್ತದ ಲವಣಾಂಶ ಸಮುದ್ರದ ನೀರಿನ ಮೂರನೇ ಒಂದು ಭಾಗದಷ್ಟು ಮಾತ್ರ. ಹೊರಗೆ ಉಪ್ಪು ಹೆಚ್ಚು, ಒಳಗೆ ಕಡಿಮೆ. ಹೀಗಾಗಿ ಉಪ್ಪು ಹಚ್ಚಿದ ಮಾವಿನ ಹೋಳು ನೀರು ಬಿಡುವಂತೆ ಮೀನಿನ ದೇಹವೂ ಕಿವಿರಿನ ಮೂಲಕ ನಿರಂತರ ನೀರು ಬಿಡುತ್ತಿರುತ್ತದೆ. ಆ ನಷ್ಟ ತುಂಬಲು ಮೀನು ದಿನವಿಡೀ ಸಮುದ್ರದ ನೀರನ್ನೇ ಕುಡಿಯುತ್ತದೆ, ಜೊತೆಗೆ ಬಂದ ಹೆಚ್ಚುವರಿ ಉಪ್ಪನ್ನು ಕಿವಿರಿನ ವಿಶೇಷ ಕೋಶಗಳಿಂದ ಹೊರಹಾಕುತ್ತದೆ. ಇದಕ್ಕೆಲ್ಲ ಶಕ್ತಿ ಬೇಕು. ಹೊರಗಿನ ಉಪ್ಪು ಸ್ವಲ್ಪ ಇಳಿದರೆ ಆ ದುಡಿಮೆಯೂ ಸ್ವಲ್ಪ ಇಳಿಯುತ್ತದೆ. ‘ಸ್ವಲ್ಪ’ ಎಂಬ ಮಾತನ್ನು ಗಮನಿಸಿ. ಇದನ್ನೇ ಹಿಡಿದುಕೊಂಡು ಕಡಿಮೆ ಉಪ್ಪೆಂದರೆ ದೀರ್ಘಾಯುಷ್ಯ ಎಂದು ಮಾರಾಟ ಮಾಡುವವರ ಮಾತನ್ನು ನಾನು ಒಪ್ಪುವುದಿಲ್ಲ. 35ರಲ್ಲಿ ಹುಟ್ಟಿ ಬೆಳೆದ ಮೀನಿಗೆ 35 ಹೊರೆಯಲ್ಲ. ನಿಮಗೆ 35 ಇಡುವ ಮನಸ್ಸಿದ್ದರೆ ಖಂಡಿತ ಇಡಿ, ಆದರೆ ನಮ್ಮೂರಿನ ಬೇಸಿಗೆಯಲ್ಲಿ ಅದು 38 ಆಗಲು ಐದಾರು ದಿನದ ಮರೆವು ಸಾಕಾಗುತ್ತದೆ ಎಂಬುದೂ ತಿಳಿದಿರಲಿ.

ತೊರಕೆ ಮತ್ತು ಶಾರ್ಕ್ ಜಾತಿಯವು ಬೇರೆ. ಅವು ರಕ್ತದಲ್ಲಿ ಯೂರಿಯಾ ಇಟ್ಟುಕೊಂಡು ಸಮುದ್ರಕ್ಕೆ ಸಮವಾಗಿ ನಿಲ್ಲುತ್ತವೆ. ಅವಕ್ಕೆ 35ನ್ನೇ ಕೊಡಬೇಕು. ಅಂದಹಾಗೆ, ಮನೆಯ ತೊಟ್ಟಿಯಲ್ಲಿ ಅವನ್ನು ಸಾಕುವುದೇ ಬೇಡ.

ಹಾಗಾದರೆ 1.020ಕ್ಕೆ ಇಳಿಸಿ ಉಪ್ಪಿನ ದುಡ್ಡು ಉಳಿಸಬಹುದಲ್ಲ?

ಲೆಕ್ಕ ಹಾಕೋಣ. 31ರಿಂದ 27 ಪಿಪಿಟಿಗೆ ಇಳಿದರೆ ಲೀಟರಿಗೆ 4 ಗ್ರಾಂಗಿಂತ ತುಸು ಹೆಚ್ಚು ಉಳಿಯುತ್ತದೆ. 200 ಲೀಟರಿನ ತೊಟ್ಟಿಯನ್ನು ಮೊದಲ ಸಲ ತುಂಬುವಾಗ 850 ಗ್ರಾಂ ಆಸುಪಾಸು. ಆಮೇಲೆ ತಿಂಗಳಿಗೆ 40 ಲೀಟರ್ ನೀರು ಬದಲಿಸಿದರೆ 170 ಗ್ರಾಂ. ಒಂದು ಬೆಣ್ಣೆ ದೋಸೆಯ ಮಟ್ಟದ ಉಳಿತಾಯ. ಅದಕ್ಕಾಗಿ ಕೆಳಗಿನ ಅಂಚಿನಲ್ಲಿ ನಿಲ್ಲುವುದರಲ್ಲಿ ಅರ್ಥವಿಲ್ಲ. ಉಪ್ಪು ಇಳಿದಂತೆ ನೀರಿನ ಕ್ಯಾಲ್ಸಿಯಂ, ಕ್ಷಾರತೆ ಎಲ್ಲವೂ ಅದೇ ಪ್ರಮಾಣದಲ್ಲಿ ಇಳಿಯುತ್ತವೆ, ಪಿಎಚ್ ಸಡಿಲಾಗುತ್ತದೆ. ನೊರೆಯೊಂದಿಗೆ ಕೊಳೆಯನ್ನು ಎತ್ತಿ ಬಟ್ಟಲಿಗೆ ಹಾಕುವ ಪ್ರೋಟೀನ್ ಸ್ಕಿಮ್ಮರ್ ಕೂಡ ಸಪ್ಪೆ ನೀರಿನಲ್ಲಿ ಚೆನ್ನಾಗಿ ನೊರೆ ಕಟ್ಟುವುದಿಲ್ಲ.

ಅಡುಗೆ ಉಪ್ಪು, ಇಲ್ಲವೇ ಹರಳುಪ್ಪು ಹಾಕಿದರೆ ಆಗುವುದಿಲ್ಲವೇ? ಅದೂ ಸಮುದ್ರದ್ದೇ ತಾನೇ?

ಆಗುವುದಿಲ್ಲ. 35 ಪಿಪಿಟಿಯ ಒಂದು ಕಿಲೋ ಸಮುದ್ರದ ನೀರಿನಲ್ಲಿ 19.4 ಗ್ರಾಂ ಕ್ಲೋರೈಡ್, 10.8 ಗ್ರಾಂ ಸೋಡಿಯಂ ಇರುವುದು ನಿಜ. ಆದರೆ ಅದರೊಂದಿಗೆ 2.7 ಗ್ರಾಂ ಸಲ್ಫೇಟ್, 1.3 ಗ್ರಾಂ ಮೆಗ್ನೀಸಿಯಂ, ತಲಾ 0.4 ಗ್ರಾಂನಷ್ಟು ಕ್ಯಾಲ್ಸಿಯಂ ಮತ್ತು ಪೊಟ್ಯಾಸಿಯಂ, ಪಿಎಚ್ ಕಾಯುವ ಬೈಕಾರ್ಬೊನೇಟ್ ಎಲ್ಲವೂ ಇವೆ. ಉಪ್ಪಿನ ಗದ್ದೆಯಲ್ಲಿ ಹರಳು ಕಟ್ಟುವಾಗ ಮೆಗ್ನೀಸಿಯಂ ಬಹುಪಾಲು ಕಹಿ ನೀರಿನೊಂದಿಗೆ ಹರಿದುಹೋಗುತ್ತದೆ. ಕೈಗೆ ಬರುವುದು ಬರಿಯ ಸೋಡಿಯಂ ಕ್ಲೋರೈಡ್. ನೀರಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಅದರಲ್ಲೂ 1.023 ತೋರಿಸುತ್ತದೆ, ಅದಕ್ಕೆ ತಿಳಿಯುವುದು ತೂಕ ಮಾತ್ರ. ಅಕ್ವೇರಿಯಂಗೆಂದೇ ತಯಾರಿಸಿದ ಕಡಲ ಉಪ್ಪಿನ ಮಿಶ್ರಣವನ್ನೇ ಕೊಳ್ಳಿ.

ಹವಳ ಏಕೆ ಇಟ್ಟಿಲ್ಲ?

ನಮ್ಮ ದೇಶದ ಹವಳಗಳೂ ಕಡಲ್ಗುದುರೆಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಜೀವಿಗಳು. ಅದು ಒಂದು ಕಾರಣ. ಮೀನೇ ನನಗೆ ಸಾಕು ಎಂಬುದು ಇನ್ನೊಂದು.

ಹೋಗಲಿ, ಒಂದೇ ಒಂದು ಸೀಗಡಿ ಹಾಕಲೇ?

ಹಾಕುವುದಾದರೆ 1.025ರಿಂದ 1.026ಕ್ಕೆ ಏರಿಸಿ ಅಲ್ಲಿಯೇ ನಿಲ್ಲಿಸಿ. ಮೀನಿಗೆ ದೇಹದ ಉಪ್ಪನ್ನು ಹದದಲ್ಲಿಡುವ ಯಂತ್ರವಿದೆ. ತೊಟ್ಟಿಗಳಿಗೆ ಬರುವ ಹವಳದಿಬ್ಬದ ಸೀಗಡಿ, ನಕ್ಷತ್ರಮೀನುಗಳು ಏರಿಳಿತವನ್ನು ಮೀನಿನಷ್ಟು ತಾಳುವುದಿಲ್ಲ.

## ನೀರು, ಉಪ್ಪು, ಅಳತೆ

ನಮ್ಮ ಬೋರ್‌ವೆಲ್ ನೀರು ಮೊದಲೇ ಉಪ್ಪು. ಅದನ್ನೇ ಬಳಸಿದರೆ ಉಪ್ಪಿನ ಖರ್ಚು ಉಳಿಯುತ್ತದಲ್ಲ?

ಈ ಪ್ರಶ್ನೆ ಹೆಚ್ಚಾಗಿ ಬರುವುದು ಚಿತ್ರದುರ್ಗ, ಚಳ್ಳಕೆರೆ, ಜಗಳೂರು ಕಡೆಯಿಂದ. ಬಾಯಿಗೆ ಉಪ್ಪೆನಿಸುವ ಬೋರ್ ನೀರಿನ ಟಿಡಿಎಸ್, ಅಂದರೆ ಕರಗಿರುವ ಒಟ್ಟು ಲವಣ, ಲೀಟರಿಗೆ 1,500 ಮಿಲಿಗ್ರಾಂ ಇದೆ ಎಂದುಕೊಳ್ಳಿ. ಅದು ಲೀಟರಿಗೆ 1.5 ಗ್ರಾಂ, ಕಡಲಿನ ಇಪ್ಪತ್ತರಲ್ಲಿ ಒಂದು ಪಾಲೂ ಇಲ್ಲ. ಅದರಲ್ಲಿರುವುದೂ ಕಡಲಿನ ಲವಣಗಳ ಹದವಲ್ಲ. ಚಿತ್ರದುರ್ಗದ ಅಂತರ್ಜಲದಲ್ಲಿ ಫ್ಲೋರೈಡ್ ಸಮಸ್ಯೆ ಎಲ್ಲರಿಗೂ ತಿಳಿದದ್ದೇ, ಹೊಲಗಳ ನಡುವಿನ ಬೋರ್‌ವೆಲ್ಲಿಗೆ ಗೊಬ್ಬರದ ನೈಟ್ರೇಟೂ ಇಳಿದಿರಬಹುದು.

ದೊಡ್ಡ ತೊಂದರೆ ಆಮೇಲೆ ಬರುತ್ತದೆ. ಆವಿಯಾದ ನೀರಿಗೆ ಬದಲಾಗಿ ದಿನಕ್ಕೆ 3 ಲೀಟರ್ ಬೋರ್ ನೀರು ಸುರಿದರೆ ದಿನಕ್ಕೆ 4.5 ಗ್ರಾಂ, ತಿಂಗಳಿಗೆ 135 ಗ್ರಾಂ ಲವಣ ಒಳಗೆ ಸೇರಿತು. 200 ಲೀಟರಿನಲ್ಲಿ ಅದು ತಿಂಗಳಿಗೆ 0.7 ಪಿಪಿಟಿಯಷ್ಟು ಏರಿಕೆ, ಅದೂ ಬೇಡದ ಲವಣಗಳಿಂದ.

ಆರ್‌ಒ ನೀರು ಬಳಸಿ. ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದರೂ ಆದೀತು, ಆದರೆ ಪ್ರತಿ ಸಲವೂ ಟಿಡಿಎಸ್ ಅಳೆಯಿರಿ. ರುಚಿಗೆಂದು ಕೆಲವೆಡೆ ಕಚ್ಚಾ ನೀರನ್ನು ಸ್ವಲ್ಪ ಬೆರೆಸುತ್ತಾರೆ, ಪೊರೆ ಹಳೆಯದಾಗಿದ್ದರೂ ಲೆಕ್ಕ ಏರುತ್ತದೆ. 50ರ ಒಳಗಿದ್ದರೆ ಮೀನು ಮಾತ್ರ ಇರುವ ತೊಟ್ಟಿಗೆ ನಾನು ಒಪ್ಪುತ್ತೇನೆ. ದಾವಣಗೆರೆಯ ನಲ್ಲಿಗೆ ಬರುವ ತುಂಗಭದ್ರೆಯ ನೀರು ಮೃದುವೇನೋ ಹೌದು, ಆದರೆ ಅದರಲ್ಲಿ ಕ್ಲೋರಿನ್ ಇರುತ್ತದೆ. ಬಳಸಲೇಬೇಕಾದರೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿದ ಮೇಲೆ ಬಳಸಿ.

ಮಲ್ಪೆಯಿಂದ ಸಮುದ್ರದ ನೀರನ್ನೇ ಕ್ಯಾನಿನಲ್ಲಿ ತಂದುಬಿಟ್ಟರೆ?

ತರುವವರಿದ್ದಾರೆ. 200 ಲೀಟರ್ ಎಂದರೆ 205 ಕಿಲೋ, ಘಟ್ಟ ಹತ್ತಿ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಕಾರಿನ ಡಿಕ್ಕಿಯಲ್ಲಿ ಒಂದು ಕ್ಯಾನ್ ಸೋರಿದರೆ ತುಕ್ಕು ಖಚಿತ. ಅದಕ್ಕಿಂತ ಮುಖ್ಯವಾದದ್ದು, ದಡದ ನೀರು ನಂಬಿಕೆಯದ್ದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನದಿಗಳು ತುಂಬಿ ಬೀಳುವಾಗ ಅಳಿವೆಯ ಹತ್ತಿರದ ನೀರು ಹೆಚ್ಚುಕಡಿಮೆ ಸಿಹಿಯಾಗಿರಬಹುದು. ಬಂದರಿನ ಬಳಿ ಡೀಸೆಲ್ ಪೊರೆ ಬೇರೆ. ಒಮ್ಮೆ ತಂದದ್ದುಂಟು, ಎರಡನೇ ಸಲ ಹೋಗಲಿಲ್ಲ.

ಉಪ್ಪು ಬೆರೆಸುವ ಕ್ರಮ ಹೇಗೆ?

ಮೊದಲು ನೀರು, ಆಮೇಲೆ ಉಪ್ಪು. ಉಪ್ಪಿನ ಮೇಲೆ ನೀರು ಸುರಿದರೆ ತಳದಲ್ಲಿ ಕ್ಯಾಲ್ಸಿಯಂ ಸುಣ್ಣದಂತೆ ಕಟ್ಟಿಕೊಳ್ಳುತ್ತದೆ, ಮತ್ತೆ ಕರಗುವುದಿಲ್ಲ. 1.023ಕ್ಕೆ ಲೀಟರಿಗೆ 32ರಿಂದ 34 ಗ್ರಾಂ ಹಿಡಿಯುತ್ತದೆ. ಚೀಲ ತೇವ ಎಳೆದುಕೊಂಡಿದ್ದರೆ ಇನ್ನೂ ಸ್ವಲ್ಪ ಹೆಚ್ಚು. ಆಹಾರ ದರ್ಜೆಯ ಡ್ರಮ್ಮಿನಲ್ಲಿ ಪಂಪ್ ಹಾಕಿ ಒಂದು ರಾತ್ರಿ ತಿರುಗಲು ಬಿಡಿ, ಬೆಳಗ್ಗೆ ಅಳೆಯಿರಿ. ಮೀನಿರುವ ತೊಟ್ಟಿಗೆ ಒಣ ಉಪ್ಪನ್ನು ಎಂದಿಗೂ ಹಾಕಬೇಡಿ. ಮೀನು ಅದನ್ನು ಆಹಾರವೆಂದು ಬಾಯಿಗೆ ಹಾಕಿಕೊಳ್ಳುತ್ತದೆ.

ಮನೆಯಲ್ಲಿ ಡೇರಿಯ ಲ್ಯಾಕ್ಟೋಮೀಟರ್ ಇದೆ, ನೀರಿನ ಟಿಡಿಎಸ್ ಪೆನ್ನೂ ಇದೆ. ಅವುಗಳಿಂದ ಅಳೆಯಬಹುದೇ?

ಟಿಡಿಎಸ್ ಪೆನ್ನಿನಿಂದ ಸಾಧ್ಯವೇ ಇಲ್ಲ. ಮನೆಬಳಕೆಯ ಪೆನ್ನುಗಳು ಹತ್ತು ಸಾವಿರದ ಹತ್ತಿರ ಬಂದು ನಿಂತುಬಿಡುತ್ತವೆ, ಕಡಲ ನೀರಿನದು ಮೂವತ್ತು ಸಾವಿರದ ಮೇಲಿನ ಲೆಕ್ಕ.

ಲ್ಯಾಕ್ಟೋಮೀಟರಿನ ಪ್ರಶ್ನೆ ಕೇಳಿದವರು ಹರಿಹರದ ಒಬ್ಬ ಹೈನುಗಾರರು, ನನಗೆ ಬಹಳ ಹಿಡಿಸಿತು. ತಾತ್ವಿಕವಾಗಿ ಹೌದು: ಅದರಲ್ಲಿ 23 ಬಂದರೆ 1.023. ನಾನೂ ಪರೀಕ್ಷಿಸಿ ನೋಡಿದೆ, ಒರಟು ಅಂದಾಜು ಸಿಗುತ್ತದೆ. ಎರಡು ಎಚ್ಚರಿಕೆಗಳಿವೆ. ಹಾಲಿನ ಜಿಡ್ಡು ಲವಲೇಶವೂ ಇರಬಾರದು. ಅದರ ಮೇಲೆ ಬರೆದಿರುವ ಉಷ್ಣತೆಯಲ್ಲಿಯೇ ಅಳೆಯಬೇಕು. 15.5 ಡಿಗ್ರಿಗೆಂದು ಗುರುತು ಹಾಕಿದ ಯಾವುದೇ ತೇಲು ಮಾಪಕವನ್ನು 25 ಡಿಗ್ರಿಯ ನೀರಿನಲ್ಲಿ ಇಳಿಸಿದರೆ ಸುಮಾರು 0.002 ಕಡಿಮೆ ತೋರಿಸುತ್ತದೆ. ಅಂದರೆ ನೀವು 1.023 ಎಂದುಕೊಂಡದ್ದು ನಿಜವಾಗಿ 1.025.

ಪ್ಲಾಸ್ಟಿಕ್ ಹೈಡ್ರೋಮೀಟರ್ 1.020 ಎನ್ನುತ್ತದೆ, ರಿಫ್ರ್ಯಾಕ್ಟೋಮೀಟರ್ 1.025 ಎನ್ನುತ್ತದೆ. ಯಾರನ್ನು ನಂಬಲಿ?

ಸದ್ಯಕ್ಕೆ ಇಬ್ಬರನ್ನೂ ನಂಬಬೇಡಿ.

ಮುಳ್ಳು ತೂಗುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಳ್ಳಿಗೆ ಸಾಸಿವೆ ಕಾಳಿಗಿಂತ ಚಿಕ್ಕ ಗಾಳಿಗುಳ್ಳೆ ಅಂಟಿದರೂ ಅದು ಮೇಲೆದ್ದು ಹೆಚ್ಚು ತೋರಿಸುತ್ತದೆ. ಕೀಲಿನಲ್ಲಿ ಒಣಗಿದ ಉಪ್ಪು ಕುಳಿತರೆ ಮುಳ್ಳು ಎಲ್ಲೆಂದರಲ್ಲಿ ಸಿಕ್ಕಿಕೊಳ್ಳುತ್ತದೆ. ಡಬ್ಬಿಯನ್ನು ಮೆಲ್ಲಗೆ ತಟ್ಟಿ ಗುಳ್ಳೆ ಬಿಡಿಸಿ, ಪ್ರತಿ ಸಲ ಸಿಹಿನೀರಿನಲ್ಲಿ ತೊಳೆದಿಡಿ.

ನೀರಿನಲ್ಲಿ ಬೆಳಕು ಎಷ್ಟು ಬಾಗುತ್ತದೆ ಎಂಬುದರಿಂದ ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರ್ ಉತ್ತಮ ಸಾಧನ, ಆದರೆ ಹೊಂದಿಸದೆ ಬಳಸಿದರೆ ಅದೂ ಸುಳ್ಳು ಹೇಳುತ್ತದೆ, ಅದೂ ಬಹಳ ಆತ್ಮವಿಶ್ವಾಸದಿಂದ. ಗಾಜಿನ ಮೇಲೆ ಎರಡು ಹನಿ ಹಾಕಿ, ಮುಚ್ಚಳ ಒತ್ತಿ, ಅರ್ಧ ನಿಮಿಷ ಬಿಟ್ಟು ಬೆಳಕಿನತ್ತ ಹಿಡಿಯಿರಿ. ನೀಲಿಯೂ ಬಿಳಿಯೂ ಸೇರುವ ಗೆರೆಯೇ ಲೆಕ್ಕ. ಶುದ್ಧ ನೀರಿನಲ್ಲಿ ಸೊನ್ನೆ ಬಂತು ಎಂದರೆ ಮೇಲೆ 35ರಲ್ಲೂ ಸರಿಯಿದೆ ಎಂದಲ್ಲ. ಅಗ್ಗದ ಮಾದರಿಗಳಲ್ಲಿ ಅನೇಕವು ಬರಿಯ ಸೋಡಿಯಂ ಕ್ಲೋರೈಡ್ ದ್ರಾವಣಕ್ಕೆ ಗುರುತು ಹಾಕಿದವು. ಅವು 35ರ ಕಡಲ ನೀರನ್ನು 36.5 ಎಂದು ತೋರಿಸುತ್ತವೆ.

35ರ ಪ್ರಮಾಣ ದ್ರಾವಣ ಕೊಂಡು ಹೊಂದಿಸುವುದು ಒಳ್ಳೆಯದು. ಸಿಗದಿದ್ದರೆ ಮನೆಯಲ್ಲಿಯೇ ಮಾಡಬಹುದು: 36.5 ಗ್ರಾಂ ಶುದ್ಧ ಸೋಡಿಯಂ ಕ್ಲೋರೈಡ್, 963.5 ಗ್ರಾಂ ಶುದ್ಧ ನೀರು. ಬೆಳಕನ್ನು ಬಗ್ಗಿಸುವ ವಿಷಯದಲ್ಲಿ ಈ ದ್ರಾವಣವೂ 35 ಪಿಪಿಟಿಯ ಕಡಲ ನೀರೂ ಒಂದೇ. ಇದನ್ನು ಹಾಕಿದಾಗ ಗೆರೆ 35ರ ಮೇಲೆ ಬರುವಂತೆ ತಿರುಪು ತಿರುಗಿಸಿ. ತರಕಾರಿ ತೂಗುವ ತಕ್ಕಡಿ ಇದಕ್ಕೆ ಸಾಲದು. ನಾನು ಪರಿಚಯದ ಚಿನ್ನದಂಗಡಿಯಲ್ಲಿ ತೂಗಿಸಿಕೊಂಡೆ. ಅವರು ಬಿಳಿ ಪುಡಿಯ ಪೊಟ್ಟಣವನ್ನು ನೋಡಿದ ರೀತಿ ಇನ್ನೂ ನೆನಪಿದೆ.

## ಬಿಸಿಲು, ಫ್ಯಾನು, ಬಸ್ಸು

ತೊಟ್ಟಿಯ ನೀರು ಇಳಿದಿದೆ. ಉಪ್ಪುನೀರು ಸುರಿಯಲೇ, ಸಿಹಿನೀರು ಸುರಿಯಲೇ?

ಸಿಹಿನೀರು. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲಿಯೇ ಉಳಿಯುತ್ತದೆ. ಇಷ್ಟು ಸಣ್ಣ ಮಾತು ತಿಳಿಯದೆ ನನ್ನ ಮೊದಲ ತೊಟ್ಟಿಯನ್ನು ಕೆಡಿಸಿದೆ.

ಆಗ ಮಾರ್ಚ್ ತಿಂಗಳು. ದಿನವೂ ನೀರು ಇಳಿಯುತ್ತಿತ್ತು, ‘ಸಮುದ್ರದ ತೊಟ್ಟಿಗೆ ಸಮುದ್ರದ ನೀರೇ ಸರಿ’ ಎಂದು ದಿನವೂ ಉಪ್ಪು ಬೆರೆಸಿ ತುಂಬುತ್ತಿದ್ದೆ. ಮುಳ್ಳಿನ ಹೈಡ್ರೋಮೀಟರ್ ಉಪ್ಪು ಕಟ್ಟಿ 1.024ರಲ್ಲಿಯೇ ನಿಂತುಬಿಟ್ಟಿತ್ತು, ನಾನೋ ಎಲ್ಲ ಸರಿಯಾಗಿದೆ ಎಂದು ಹಿಗ್ಗುತ್ತಿದ್ದೆ. ಗಾಜಿನ ಅಂಚಿನಲ್ಲಿ ಬಿಳಿಯ ಹೆಪ್ಪು ದಪ್ಪವಾಯಿತು. ಎರಡು ಕ್ಲೌನ್ ಮೀನುಗಳು ಮೂಲೆ ಹಿಡಿದು ಜೋರಾಗಿ ಕಿವಿರು ಬಡಿಯತೊಡಗಿದವು, ತಿನ್ನುವುದನ್ನು ಬಿಟ್ಟವು. ಸ್ನೇಹಿತರೊಬ್ಬರು ರಿಫ್ರ್ಯಾಕ್ಟೋಮೀಟರ್ ತಂದು ನೋಡಿದಾಗ ಲೆಕ್ಕ 45 ದಾಟಿತ್ತು. ಒಂದು ಕ್ಲೌನ್ ಉಳಿಯಲಿಲ್ಲ.

ಅಂದು ಸಂಜೆ ಅಮ್ಮ ಕನ್ನಡಿಯ ಮೇಲೆ ಅಂಟಿಸಿದ್ದ ಬಿಂದಿಯೊಂದನ್ನು ಕಿತ್ತು ತಂದು ತೊಟ್ಟಿಯ ಗಾಜಿಗೆ, ಸರಿಯಾಗಿ ನೀರಿನ ಮಟ್ಟಕ್ಕೆ ಅಂಟಿಸಿದರು. ‘ಉಪ್ಪು ಸರಿ ಇದ್ದ ದಿನ ನೀರು ಇಲ್ಲಿತ್ತು. ಕೆಳಗಿಳಿದರೆ ಬರಿಯ ನೀರು ಹಾಕು, ಅಷ್ಟೇ’ ಎಂದರು. ಮಜ್ಜಿಗೆ ಹುಳಿಯೋ ಸಾರೋ ಬತ್ತಿದರೆ ಯಾರೂ ಮತ್ತೆ ಉಪ್ಪು ಹಾಕುವುದಿಲ್ಲ ಎಂಬುದು ಅವರ ವಾದ. ಈಗಲೂ ನಮ್ಮ ತೊಟ್ಟಿಗೆ ಕೆಂಪು ಬಿಂದಿಯೇ ಗುರುತು. ತೊಟ್ಟಿಯ ಕೆಳಗೆ ಸಂಪ್ (ಪಂಪ್, ಫಿಲ್ಟರ್ ಇಡುವ ಎರಡನೇ ತೊಟ್ಟಿ) ಇರುವವರು ಗುರುತನ್ನು ಸಂಪಿನ ಪಂಪ್ ಕೋಣೆಯಲ್ಲಿ ಹಾಕಬೇಕು, ನೀರು ಇಳಿಯುವುದು ಅಲ್ಲಿ ಕಾಣುತ್ತದೆ.

ಏಪ್ರಿಲ್‌ನಲ್ಲಿ ನೀರು 31 ಡಿಗ್ರಿ ಮುಟ್ಟುತ್ತದೆ. ಆಗ ಉಪ್ಪು ಇಳಿಸಬೇಕೇ?

ಉಪ್ಪನ್ನಲ್ಲ, ಉಷ್ಣತೆಯನ್ನು ಇಳಿಸಿ. ನೀರು ಬಿಸಿಯಾದಷ್ಟೂ, ಉಪ್ಪಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. 25 ಡಿಗ್ರಿಯ ಸಿಹಿನೀರು ಲೀಟರಿಗೆ 8.3 ಮಿಲಿಗ್ರಾಂ ಹಿಡಿದರೆ 35 ಪಿಪಿಟಿಯ ಕಡಲ ನೀರು 6.7 ಹಿಡಿಯುತ್ತದೆ, 30 ಡಿಗ್ರಿಗೆ ಅದು 6.2ಕ್ಕೆ ಕುಸಿಯುತ್ತದೆ. 35ರ ಬದಲು 31 ಪಿಪಿಟಿ ಇಟ್ಟರೆ ಸಿಗುವ ಲಾಭ ಶೇಕಡಾ 2ರಿಂದ 3. ನೀರಿನ ಮೇಲೆ ಫ್ಯಾನ್ ಬೀಸಿಸಿ ಎರಡು ಮೂರು ಡಿಗ್ರಿ ಇಳಿಸುವುದೇ ಹೆಚ್ಚು ಉಪಯೋಗಿ. ನಮ್ಮೂರಿನ ಒಣಹವೆಯಲ್ಲಿ ಫ್ಯಾನ್ ಚೆನ್ನಾಗಿ ಕೆಲಸ ಮಾಡುತ್ತದೆ, ಕರಾವಳಿಯವರಿಗೆ ಈ ಭಾಗ್ಯವಿಲ್ಲ.

ಆದರೆ ಫ್ಯಾನ್ ತಂಪು ಮಾಡುವುದೇ ನೀರನ್ನು ಆವಿಯಾಗಿಸಿ. ನಮ್ಮ 200 ಲೀಟರಿನಲ್ಲಿ ಬೇಸಿಗೆಯಲ್ಲಿ ದಿನಕ್ಕೆ 3 ಲೀಟರ್ ಹೋಗುತ್ತದೆ. ಹತ್ತು ದಿನ ಸುಮ್ಮನಿದ್ದರೆ 35 ಪಿಪಿಟಿಯ ನೀರು 41 ಆಗಿರುತ್ತದೆ, 31 ಇದ್ದದ್ದು 36 ಆಗಿರುತ್ತದೆ. ಕೆಳಗಿನಿಂದ ಆರಂಭಿಸಿದ್ದರ ಲಾಭ ಇಲ್ಲಿ ಕಾಣುತ್ತದೆ.

ನಾಲ್ಕು ದಿನ ಊರಿಗೆ ಹೋಗಬೇಕು. ಯಾರಿಗೆ ಒಪ್ಪಿಸಲಿ?

ಪಕ್ಕದ ಮನೆಯವರಿಗೆ ಒಪ್ಪಿಸಿ, ಆದರೆ ‘ನೋಡಿಕೊಂಡು ಹಾಕಿ’ ಎನ್ನಬೇಡಿ. ದಿನಕ್ಕೆ ಎಷ್ಟು ಆವಿಯಾಗುತ್ತದೆ ಎಂದು ಮೊದಲೇ ಅಳೆದು, ಬಾಟಲಿಗಳಲ್ಲಿ ಆರ್‌ಒ ನೀರು ತುಂಬಿ, ಸೋಮವಾರ, ಮಂಗಳವಾರ ಎಂದು ಚೀಟಿ ಅಂಟಿಸಿ ಕೊಡಿ. ತಾನಾಗಿ ನೀರು ತುಂಬುವ ಫ್ಲೋಟ್ ವ್ಯವಸ್ಥೆಯಿದ್ದರೆ ಅದರ ನೀರಿನ ಡಬ್ಬಿ ಚಿಕ್ಕದಿರಲಿ. ಫ್ಲೋಟ್ ಸಿಕ್ಕಿಕೊಂಡರೆ 15 ಲೀಟರ್ ಸುರಿದು ನಿಲ್ಲಬೇಕು, ಓವರ್‌ಹೆಡ್ ಟ್ಯಾಂಕಿಗೆ ನೇರ ಜೋಡಿಸಿದರೆ ನೀವು ಬರುವಷ್ಟರಲ್ಲಿ ಮನೆಯೇ ಸಿಹಿನೀರಿನ ಕೆರೆ.

ನಾನು ಸಿಹಿನೀರೇ ಹಾಕುತ್ತಿದ್ದೇನೆ, ಆದರೂ ಲೆಕ್ಕ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದೆ. ಉಪ್ಪು ಎಲ್ಲಿಗೆ ಹೋಗುತ್ತಿದೆ?

ಸ್ಕಿಮ್ಮರಿನ ಬಟ್ಟಲಿಗೆ. ಅದು ತೆಳುವಾದ ಚಹಾದಂತಹ ನೀರನ್ನು ತೆಗೆಯುತ್ತಿದ್ದರೆ ಅದು ಉಪ್ಪುನೀರೇ. ನೀವು ಮಟ್ಟ ನೋಡಿ ಅಷ್ಟೇ ಸಿಹಿನೀರು ತುಂಬುತ್ತೀರಿ. ಸೈಫನ್ ಮಾಡಿ ಚೆಲ್ಲಿದ್ದು, ಗಾಜಿನ ಮೇಲೆ ಹೆಪ್ಪುಗಟ್ಟಿದ್ದನ್ನು ಒರೆಸಿ ಎಸೆದದ್ದೂ ಸೇರಿಸಿ. ಕರೆಂಟ್ ಹೋದಾಗ ಸಂಪ್ ತುಂಬಿ ನೆಲಕ್ಕೆ ಚೆಲ್ಲುತ್ತಿದ್ದರೆ ಅದೂ ಇದೇ ಲೆಕ್ಕಕ್ಕೆ ಬರುತ್ತದೆ.

ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದ ಮೀನನ್ನು ನಮ್ಮ ನೀರಿಗೆ ಹೇಗೆ ಹೊಂದಿಸಲಿ?

ಅಂಗಡಿಯ ನೀರು ಅನೇಕ ಸಲ 1.018, 1.020ರಲ್ಲಿ ಇರುತ್ತದೆ. ಹೊರಡುವ ಮೊದಲೇ ಫೋನ್ ಮಾಡಿ ಕೇಳಿ, ಹೊಸ ಮೀನನ್ನು ಮೊದಲು ಬೇರೆಯಾಗಿ ಇಡುವ ನಿಮ್ಮ ಪ್ರತ್ಯೇಕ ತೊಟ್ಟಿಯನ್ನು ಅಷ್ಟಕ್ಕೇ ಸಿದ್ಧಮಾಡಿಟ್ಟುಕೊಳ್ಳಿ. ಮೀನು ಬಂದ ಮೇಲೆ ಚೀಲವನ್ನು ನೀರಿನ ಮೇಲೆ ಹದಿನೈದು ಇಪ್ಪತ್ತು ನಿಮಿಷ ತೇಲಿಬಿಟ್ಟು ಉಷ್ಣತೆ ಸರಿಹೊಂದಿಸಿ. ಚೀಲ ಬಿಚ್ಚಿದೊಡನೆ ಒಂದು ಹನಿ ತೆಗೆದು ಅಳೆಯಿರಿ. ಎರಡೂ ಹೊಂದಿದರೆ ಮೀನನ್ನು ತಡಮಾಡದೆ ಬಿಡಿ, ಚೀಲದ ನೀರು ಮಾತ್ರ ತೊಟ್ಟಿಗೆ ಬೇಡ.

ಹನಿ ಹನಿಯಾಗಿ ಎರಡು ಮೂರು ಗಂಟೆ ಹೊಂದಿಸುವ ಪದ್ಧತಿ ದೀರ್ಘ ಪ್ರಯಾಣದ ಮೀನಿಗೆ ಸರಿಯಲ್ಲ. ಕಟ್ಟಿದ ಚೀಲದಲ್ಲಿ ರಾತ್ರಿಯಿಡೀ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ, ಆದ್ದರಿಂದಲೇ ಒಳಗಿನ ಅಮೋನಿಯ ಅಷ್ಟು ವಿಷವಾಗಿರುವುದಿಲ್ಲ. ಚೀಲ ಬಿಚ್ಚಿ ಗಾಳಿಯಾಡಿದ ಕೂಡಲೇ ಪಿಎಚ್ ಏರುತ್ತದೆ, ಅದೇ ಅಮೋನಿಯ ಕಿವಿರು ಸುಡತೊಡಗುತ್ತದೆ. ಅದರಲ್ಲಿ ಮೀನನ್ನು ಮೂರು ಗಂಟೆ ಇಡುವುದು ಉಪಚಾರವಲ್ಲ. ಆಮೇಲೆ ಪ್ರತ್ಯೇಕ ತೊಟ್ಟಿಯನ್ನು ದಿನಕ್ಕೆ 0.001ರಷ್ಟು ಏರಿಸುತ್ತಾ 1.023ಕ್ಕೆ ತನ್ನಿ.

ಲೆಕ್ಕ 35 ಇದೆ, 31ಕ್ಕೆ ಇಳಿಸಬೇಕು. ಎಷ್ಟು ನೀರು ತೆಗೆಯಲಿ?

ಈಗಿರುವುದರಲ್ಲಿ ಬೇಕಾದದ್ದು ಎಷ್ಟು ಪಾಲು ಎಂದು ನೋಡಿ: 31ನ್ನು 35ರಿಂದ ಭಾಗಿಸಿದರೆ 0.886. ಉಳಿದ 0.114 ಭಾಗವನ್ನು ತೆಗೆದು ಸಿಹಿನೀರು ತುಂಬಬೇಕು. 200 ಲೀಟರಿನಲ್ಲಿ ಸುಮಾರು 23 ಲೀಟರ್. ಮೂರು ನಾಲ್ಕು ದಿನಗಳಿಗೆ ಹಂಚಿ. ಮೀನು ಇಳಿತವನ್ನು ಏರಿಕೆಗಿಂತ ಚೆನ್ನಾಗಿ ತಾಳುತ್ತದೆ, ಆದರೆ ಫಿಲ್ಟರಿನ ಬ್ಯಾಕ್ಟೀರಿಯಾಗಳಿಗೂ ಹೊಂದಿಕೊಳ್ಳಲು ಸಮಯ ಬೇಕು.

## ಇನ್ನೂ ಆಳಕ್ಕೆ ಇಳಿದವರಿಗೆ

ಬಿಳಿ ಚುಕ್ಕೆ ರೋಗಕ್ಕೆ ಉಪ್ಪು ಇಳಿಸಿದರೆ ವಾಸಿಯಾಗುತ್ತದಂತೆ, ಹೌದೇ?

ಹೌದು, ನಿಯಮ ಮುರಿಯದಿದ್ದರೆ. ಸಿಹಿನೀರಿನ ಮೀನಿಗೆ ಚುಕ್ಕೆ ಬಂದರೆ ಉಪ್ಪು ಹಾಕುತ್ತೇವೆ, ಕಡಲ ಮೀನಿಗೆ ಬಂದರೆ ಉಪ್ಪು ತೆಗೆಯುತ್ತೇವೆ. ಎರಡೂ ಬೇರೆ ಬೇರೆ ಪರೋಪಜೀವಿಗಳು, ತಂತ್ರ ಮಾತ್ರ ಒಂದೇ: ಮೀನು ತಾಳಬಲ್ಲ, ರೋಗಾಣು ತಾಳದ ನೀರಿಗೆ ಸಾಗಿಸುವುದು.

ಕಡಲಿನ ಚುಕ್ಕೆರೋಗದ ಜೀವಿಯ ಹೆಸರು ಕ್ರಿಪ್ಟೋಕ್ಯಾರಿಯಾನ್. ಅದು ಕೆಲವು ದಿನ ಮೀನಿನ ಚರ್ಮದಲ್ಲಿ ಬೆಳೆದು ಉದುರಿ, ತಳದಲ್ಲಿ ಗೂಡು ಕಟ್ಟಿ, ನೂರಾರು ಮರಿಗಳಾಗಿ ಹೊರಬಂದು ಮತ್ತೆ ಮೀನನ್ನು ಹುಡುಕುತ್ತದೆ. ಆದ್ದರಿಂದ ಚುಕ್ಕೆ ಮಾಯವಾಯಿತು ಎಂದರೆ ರೋಗ ಹೋಯಿತು ಎಂದಲ್ಲ, ಮೀನಿನಿಂದ ಉದುರಿತು ಎಂದಷ್ಟೇ. ನೀರು 1.009ರಲ್ಲಿ, ಅಂದರೆ 12 ಪಿಪಿಟಿಯಲ್ಲಿ ನಿಂತರೆ ಗೂಡಿನ ಹಂತ ಸಾಯುತ್ತದೆ. 1.012 ಸಾಲದು. ಎರಡು ದಿನಗಳಲ್ಲಿ ಕೆಳಗಿಳಿಸಿ, ಕೊನೆಯ ಚುಕ್ಕೆ ಹೋದ ಮೇಲೆಯೂ ನಾಲ್ಕು ವಾರ ಅಲ್ಲಿಯೇ ಹಿಡಿದಿಡಬೇಕು. ಒಂದು ದಿನ ನೀರು ತುಂಬುವುದನ್ನು ಮರೆತು 1.011 ಆದರೆ ಎಣಿಕೆ ಮೊದಲಿನಿಂದ. ಮುಳ್ಳಿನ ಹೈಡ್ರೋಮೀಟರ್ ನಂಬಿ ಈ ಚಿಕಿತ್ಸೆಗೆ ಇಳಿಯಲೇಬೇಡಿ.

ಇದನ್ನು ಬರಿಯ ತೊಟ್ಟಿಯಲ್ಲಿ ಮಾಡಿ. ಮುಖ್ಯ ತೊಟ್ಟಿಯ ಕಲ್ಲಿನಲ್ಲಿರುವ ಹುಳು, ಏಡಿಮರಿಗಳೆಲ್ಲ ಸತ್ತು ಅಮೋನಿಯ ಏರುತ್ತದೆ. ಪಿಎಚ್ ಬೀಳುತ್ತಿದ್ದರೆ ಅಡುಗೆ ಸೋಡಾ ನೀರಿನಲ್ಲಿ ಕರಗಿಸಿ ಹಾಕಿ. 60 ಲೀಟರಿಗೆ 2 ಗ್ರಾಂ ಹಾಕಿದರೆ ಕ್ಷಾರತೆ ಸುಮಾರು 1 ಡಿಕೆಎಚ್ (ಕ್ಷಾರತೆಯ ಅಳತೆಮಾನ) ಏರುತ್ತದೆ. ಇನ್ನೆರಡು ಎಚ್ಚರಿಕೆ: ಚುಕ್ಕೆರೋಗದ ಕೆಲವು ತಳಿಗಳು ಕಡಿಮೆ ಉಪ್ಪಿಗೂ ಜಗ್ಗುವುದಿಲ್ಲ. ಧೂಳು ಉದುರಿಸಿದಂತೆ ಕಾಣುವ ವೆಲ್ವೆಟ್ ರೋಗಕ್ಕೆ ಈ ಚಿಕಿತ್ಸೆ ನಾಟುವುದೇ ಇಲ್ಲ. ಅದು ಒಂದೆರಡು ದಿನಗಳಲ್ಲಿ ಮೀನನ್ನು ಕೊಲ್ಲಬಲ್ಲದು, ಅದಕ್ಕೆ ತಾಮ್ರದ ಔಷಧಿಯೇ ದಾರಿ.

ಮೋನೋ, ಸ್ಕ್ಯಾಟ್ ಮೀನುಗಳನ್ನು ಸಿಹಿನೀರಿನವು ಎಂದು ಮಾರಿದರು. ಇವನ್ನು ಕಡಲ ತೊಟ್ಟಿಗೆ ಬಿಡಬಹುದೇ?

ಬಿಡಬಹುದು, ಅವು ಅಳಿವೆಯ ಮೀನುಗಳು. ಮರಿಗಳು ಸಪ್ಪೆ ನೀರಿನಲ್ಲಿ, ದೊಡ್ಡವು ಕಡಲಿನಲ್ಲಿ. ಮೂರು ನಾಲ್ಕು ವಾರಗಳಲ್ಲಿ ನಿಧಾನವಾಗಿ 1.023ಕ್ಕೆ ತಂದರೆ ಬಣ್ಣವೇ ಬೇರೆಯಾಗುತ್ತದೆ. ದಾವಣಗೆರೆಯಲ್ಲಿ ಕಡಲ ಮೀನು ಸಾಕಲು ಹೊರಟವರಿಗೆ ನಾನು ಮೊದಲು ಹೇಳುವುದೇ ಇವುಗಳ ಹೆಸರು. ಉಪ್ಪಿನ ಲೆಕ್ಕದಲ್ಲಿ ನಾವು ಮಾಡುವ ತಪ್ಪುಗಳನ್ನು ಇವು ಕ್ಷಮಿಸುತ್ತವೆ. ತಟ್ಟೆಯಗಲ ಬೆಳೆಯುತ್ತವೆ ಎಂಬುದನ್ನು ಮಾತ್ರ ಮರೆಯಬೇಡಿ.

ಚಿಕಿತ್ಸೆ ಮುಗಿಯಿತು. 12ರಿಂದ 31ಕ್ಕೆ ಹೇಗೆ ಏರಿಸಲಿ? ದಿನವೂ ನೀರು ಬದಲಿಸಿ ಕೈ ಸೋತಿದೆ.

ಏರಿಸುವಾಗಲೇ ಮೀನು ಸಾಯುವುದು. ಒಮ್ಮೆಲೇ ಏರಿಸಿದರೆ ದೇಹದ ನೀರು ಬಸಿದುಹೋಗುತ್ತದೆ, ಕಿವಿರಿನ ಕೋಶಗಳು ಮತ್ತೆ ಹಳೆಯ ದುಡಿಮೆಗೆ ಸಜ್ಜಾಗಲು ದಿನಗಳು ಬೇಕು. ದಿನಕ್ಕೆ 1ರಿಂದ 1.5 ಪಿಪಿಟಿ ಮಿತಿ.

ನೀರು ಬದಲಿಸುವ ಬದಲು ಬಿಸಿಲಿಗೇ ಆ ಕೆಲಸ ವಹಿಸಿ. 60 ಲೀಟರಿನ ಚಿಕಿತ್ಸೆಯ ತೊಟ್ಟಿಗೆ ಫ್ಯಾನ್ ಹಾಕಿದರೆ ಬೇಸಿಗೆಯಲ್ಲಿ ದಿನಕ್ಕೆ 2 ಲೀಟರ್ ಆವಿಯಾಗುತ್ತದೆ. ಆ 2 ಲೀಟರಿನ ಜಾಗಕ್ಕೆ ಸಿಹಿನೀರಿನ ಬದಲು 35 ಪಿಪಿಟಿಯ ಉಪ್ಪುನೀರು ತುಂಬಿ. ದಿನಕ್ಕೆ 70 ಗ್ರಾಂ ಉಪ್ಪು ಒಳಗೆ ಸೇರುತ್ತದೆ, ಲೆಕ್ಕ 1.2 ಪಿಪಿಟಿಯಷ್ಟು ಏರುತ್ತದೆ. ಹದಿನಾರು ದಿನಗಳಲ್ಲಿ 31 ಮುಟ್ಟುತ್ತೀರಿ. ನನ್ನ ಮೊದಲ ತೊಟ್ಟಿಯನ್ನು ಕೆಡಿಸಿದ ಅದೇ ತಪ್ಪು, ಈ ಸಲ ಬೇಕೆಂದೇ ಮಾಡುವುದು. ಹದಿನೇಳನೇ ದಿನದಿಂದ ಮತ್ತೆ ಬಿಂದಿ, ಮತ್ತೆ ಸಿಹಿನೀರು.